ಟ್ಯಾಂಕ್ ಖಾಲಿ ಇದ್ರೂ ಮೊಬೈಲಲ್ಲಿ ಫುಲ್ ಅಂತ ಬರತ್ತೆ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮನೆ ಮೇಲಿರೋ ಸಾವಿರ ಲೀಟರ್ ಟ್ಯಾಂಕಿನ ಮುಚ್ಚಳಕ್ಕೆ ಸದ್ದು ಬಿಟ್ಟು ದೂರ ಅಳೆಯೋ ಎಚ್‌ಸಿ-ಎಸ್‌ಆರ್04 ಸೆನ್ಸರ್ ಕೂರ್ಸಿ, ಇಎಸ್‌ಪಿ8266 ನೋಡ್‌ಎಂಸಿಯು ಅನ್ನೋ ಪುಟ್ಟ ವೈಫೈ ಬೋರ್ಡಿಂದ ಎಂಕ್ಯೂಟಿಟಿಯಲ್ಲಿ (ಚಿಕ್ಕ ಚಿಕ್ಕ ಮೆಸೇಜ್ ಕಳಿಸೋ ಪದ್ಧತಿ) ರೀಡಿಂಗ್ ಕಳಿಸ್ತಿದೀನಿ. ಟೇಬಲ್ ಮೇಲೆ ಚೆನ್ನಾಗೇ ಬರ್ತಿತ್ತು. ಈಗ ಮಧ್ಯೆ ಮಧ್ಯೆ ದೂರ 0 ಅಂತ ಬಂದು ಮೊಬೈಲಲ್ಲಿ ಟ್ಯಾಂಕ್ ಫುಲ್ ಅಂತ ತೋರ್ಸತ್ತೆ. ನಿಮಿಷಕ್ಕೊಂದ್ ಸಲ ಕಳಿಸ್ಲಿ ಅಂತ ಲೂಪಲ್ಲಿ ಡಿಲೇ 60000 ಇಟ್ಟಿದೀನಿ, ಆದ್ರೆ ಒಂದೆರಡು ರೀಡಿಂಗ್ ಬಂದು ನಿಂತೋಗತ್ತೆ, ರೀಸೆಟ್ ಒತ್ತಿದ್ರೆ ಮತ್ತೆ ಶುರು. ಮೆಸೇಜ್ ತಗೊಂಡು ಮೊಬೈಲಿಗೆ ತಲುಪ್ಸೋ ಬ್ರೋಕರ್ ಅಂತ ಇಂಟರ್ನೆಟ್ಟಲ್ಲಿರೋ ಫ್ರೀ ಟೆಸ್ಟ್ ಬ್ರೋಕರ್ ಬಳಸ್ತಿದ್ದೆ, ಅದನ್ನ ಬಿಟ್ಟು ಹಳೇ ಲ್ಯಾಪ್‌ಟಾಪಲ್ಲಿ ಮಸ್ಕಿಟೋ ಅನ್ನೋ ಬ್ರೋಕರ್ ಸಾಫ್ಟ್‌ವೇರ್ ಹಾಕೊಂಡ್ರೆ ಕನೆಕ್ಟೇ ಆಗಲ್ಲ, ಮೈನಸ್ 2 ಅಂತ ಎರರ್. ಮುಂದೆ ಇದ್ರಿಂದ್ಲೇ ಮೋಟ್ರು ಆನ್ ಆಫ್ ಮಾಡ್ಬೇಕು ಅಂತ ಆಸೆ ಇದೆ.
– ತಿಪಟೂರಿನ ಓದುಗರು

ಉತ್ತರ: ಮೋಟ್ರು ವಿಷ್ಯ ಕೊನೇಗೆ ಇಟ್ಕೊಳೋಣ. ಮೊದ್ಲು ಆ ಸೊನ್ನೆ ನೋಡಿ, ಯಾಕಂದ್ರೆ ಅದು ದೂರವೇ ಅಲ್ಲ.

ಟ್ರಿಗರ್ ಪಿನ್ನಿಗೆ 10 ಮೈಕ್ರೋಸೆಕೆಂಡ್ ಹೈ ಕೊಟ್ಟಾಗ ಸೆನ್ಸರ್ 40 ಕಿಲೋಹರ್ಟ್ಸ್ ಸದ್ದಿನ ಎಂಟು ಪಲ್ಸ್ ಬಿಡತ್ತೆ, ನಮ್ ಕಿವಿಗೆ ಕೇಳಲ್ಲ, ಆಮೇಲೆ ಎಕೋ ಪಿನ್ನನ್ನ ಹೈ ಮಾಡಿ ಆ ಸದ್ದು ನೀರಿಗೆ ಬಡಿದು ವಾಪಸ್ ಬರೋವರ್ಗೂ ಹಾಗೇ ಇಟ್ಟಿರತ್ತೆ. ಎಷ್ಟು ಹೊತ್ತು ಹೈ ಇತ್ತು ಅಂತ ಕೋಡಿನ ಪಲ್ಸ್‌ಇನ್ ಫಂಕ್ಷನ್ ಅಳೆಯತ್ತೆ, 58 ಮೈಕ್ರೋಸೆಕೆಂಡಿಗೆ ಒಂದು ಸೆಂಟಿಮೀಟರ್ ಲೆಕ್ಕ. ಅದು ಕಾಯೋ ಗಡುವಿನ (ಟೈಮ್‌ಔಟ್) ಒಳಗೆ ಸರಿಯಾದ ಪಲ್ಸ್ ಸಿಗ್ಲಿಲ್ಲ ಅಂದ್ರೆ ಪಲ್ಸ್‌ಇನ್ ಕೊಡೋದು 0. ಅಂದ್ರೆ "ನಂಗೆ ಏನೂ ಸಿಗ್ಲಿಲ್ಲ" ಅಂತ ಅರ್ಥ. ನೀವು ಅದನ್ನ ಹಾಗೇ ತಗೊಂಡು ಟ್ಯಾಂಕಿನ ಎತ್ತರದಿಂದ ಕಳೆದ್ರೆ 120ರಲ್ಲಿ 0 ಹೋಗಿ 120 ಸೆಂ.ಮೀ. ನೀರಿದೆ ಅಂತ ಬರತ್ತೆ, ಫುಲ್! ಇದೇ ಕೋಡು ನಾಳೆ ಸಂಪಿಗೂ ಹಾಕಿದ್ರೆ ಸಂಪು ಖಾಲಿ ಇದ್ರೂ ನೀರಿದೆ ಅಂತ ಮೋಟ್ರು ಡ್ರೈ ಓಡಿ ಸುಟ್ಟೋಗತ್ತೆ. ಅದಕ್ಕೇ ಹೇಳೋದು, ಅಳತೆ ಸಿಗದಿದ್ರೆ ಸಿಗ್ಲಿಲ್ಲ ಅಂತ್ಲೇ ಕಳಿಸಿ, ಅದರ ಜಾಗಕ್ಕೆ ನಂಬರ್ ಕಳಿಸ್ಬೇಡಿ. ಈ ಥರದ ಪ್ರಾಜೆಕ್ಟಲ್ಲಿ ಉಳಿದಿದ್ದೆಲ್ಲ ಇದಾದ ಮೇಲೆ.

ಒಂದೇ ರೀಡಿಂಗ್ ಮೇಲೆ ನಂಬಿಕೆ ಇಡೋದೂ ಬೇಡ. 60 ಮಿಲಿಸೆಕೆಂಡ್ ಗ್ಯಾಪ್ ಕೊಟ್ಟು ಐದು ಸಲ ಅಳೀರಿ, ಗ್ಯಾಪ್ ಇಲ್ದಿದ್ರೆ ಹಿಂದಿನ ಸದ್ದಿನ ಎಕೋ ಮುಂದಿನದಕ್ಕೆ ಸೇರ್ಕೊಳತ್ತೆ. ಉದಾಹರಣೆಗೆ 84, 85, 0, 84, 213 ಅಂತ ಬಂತು ಅನ್ಕೊಳಿ. ಸರಾಸರಿ ತೆಗೆದ್ರೆ 93.2, ಅಂದ್ರೆ ಒಂಬತ್ತು ಸೆಂಟಿಮೀಟರ್ ನೀರು ಸುಮ್ಸುಮ್ನೆ ಮಾಯ. ಅದರ ಬದ್ಲು ಸೊನ್ನೆ ಬಿಸಾಕಿ, ಟ್ಯಾಂಕಿನ ಆಳಕ್ಕಿಂತ ಜಾಸ್ತಿ ಇರೋ 213 ಬಿಸಾಕಿ, ಉಳಿದ ಮೂರನ್ನ ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದು ತಗೊಳಿ, 84. ಮೂರಕ್ಕಿಂತ ಕಮ್ಮಿ ಉಳಿದ್ರೆ ಆ ಸಲ ಎರರ್ ಅಂತ ಕಳಿಸಿ.

ಇನ್ನು ಟೇಬಲ್ ಮೇಲೆ ಸರಿ ಇದ್ದಿದ್ದು ಟ್ಯಾಂಕಲ್ಲಿ ಯಾಕೆ ಕೆಟ್ಟಿತು ಅಂದ್ರೆ, ಎಚ್‌ಸಿ-ಎಸ್‌ಆರ್04 ತೇವದ ಜಾಗಕ್ಕೆ ಮಾಡಿದ್ದಲ್ಲ. ಆ ಎರಡು ಕಣ್ಣುಗಳ ಮೇಲಿನ ಜಾಲರಿ ಹತ್ರ ನೋಡಿ, ಬೆಳಿಗ್ಗೆ ಹೊತ್ತು ಸಣ್ಣ ಸಣ್ಣ ಹನಿ ಕೂತಿರತ್ತೆ, ಮುಚ್ಚಳದ ಒಳಗಡೆ ಕೂತಿರೋ ಹಾಗೇ. ಜೆಎಸ್‌ಎನ್-ಎಸ್‌ಆರ್04ಟಿ ಅಂತ ವಾಟರ್‌ಪ್ರೂಫ್ ಸೆನ್ಸರ್ ಸಿಗತ್ತೆ, ಕಾರಿನ ರಿವರ್ಸ್ ಸೆನ್ಸರ್ ಥರದ್ದೇ, ವೈರಿನ ತುದೀಲಿ ಒಂದೇ ಕಣ್ಣು, ಬೋರ್ಡು ಬೇರೆ ಕಡೆ ಒಣಗಿರೋ ಡಬ್ಬೀಲಿ ಇಡ್ಬೋದು. ಆದ್ರೆ ಅದು ಸುಮಾರು 20-25 ಸೆಂ.ಮೀ.ಗಿಂತ ಹತ್ರ ಇರೋದನ್ನ ಸರಿಯಾಗಿ ಅಳೆಯಲ್ಲ, ಅದಕ್ಕೆ ಟ್ಯಾಂಕ್ ತುಂಬಿದಾಗ್ಲೂ ನೀರಿಗೂ ಸೆನ್ಸರಿಗೂ ಅಷ್ಟು ಗ್ಯಾಪ್ ಇರೋ ಹಾಗೆ ಕೂರ್ಸಿ. ಗೋಡೆಯಿಂದ ದೂರ, ನೀರು ಬೀಳೋ ಪೈಪಿಂದ ಇನ್ನೂ ದೂರ.

ಎಕೋ ಪಿನ್ನಿಂದ 5 ವೋಲ್ಟ್ ಬರತ್ತೆ, ನಿಮ್ ಬೋರ್ಡಿನ ಪಿನ್ನು 3.3 ವೋಲ್ಟಿಂದು. ಎಕೋ ಪಿನ್ನಿಗೆ 1ಕೆ ರೆಸಿಸ್ಟರ್, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 2ಕೆ, ಅವೆರಡೂ ಸೇರೋ ಜಾಗದಿಂದ ಬೋರ್ಡಿಗೆ ವೈರು. ನೇರ ಕೊಟ್ರೂ ಓಡತ್ತೆ ಅಂತ ತುಂಬಾ ಜನ ಹೇಳ್ತಾರೆ, ಅದನ್ನ ಕೇಳ್ಬೇಡಿ, ಇವತ್ತು ಓಡಿದ ಪಿನ್ನು ಮುಂದೆ ಯಾವತ್ತೋ ಹೋದಾಗ ಕಾರಣ ಹುಡ್ಕೋದು ತುಂಬಾ ಕಷ್ಟ.

ಬಿಸಿಲಿಗೆ ಸದ್ದಿನ ವೇಗ ಬದಲಾಗತ್ತಲ್ಲ ಅಂತ ಕೆಲವ್ರು ಕೇಳ್ತಾರೆ. ಹೌದು, 20 ಡಿಗ್ರೀಲಿ ಸೆಕೆಂಡಿಗೆ ಸುಮಾರು 343 ಮೀಟರ್, 35 ಡಿಗ್ರೀಲಿ ಸುಮಾರು 352. ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಆಗ್ಬೋದು, ಮಧ್ಯಾಹ್ನ ನೀರು ಸ್ವಲ್ಪ ಜಾಸ್ತಿ ತೋರ್ಸತ್ತೆ. ಮನೆ ಟ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ, ಬಿಟ್ಬಿಡಿ.

ಈಗ ನಿಂತೋಗೋ ವಿಷ್ಯ. ಎಂಕ್ಯೂಟಿಟಿಗೆ ಪಬ್‌ಸಬ್‌ಕ್ಲೈಂಟ್ ಲೈಬ್ರರಿ ಬಳಸಿದೀರ ಅನ್ಸತ್ತೆ, ಅದರಲ್ಲಿ ಕೀಪ್‌ಅಲೈವ್, ಅಂದ್ರೆ ಬೋರ್ಡು ಇನ್ನೂ ಇದೀನಿ ಅಂತ ಬ್ರೋಕರಿಗೆ ತಿಳಿಸ್ಬೇಕಾದ ಗಡುವು, ಡೀಫಾಲ್ಟ್ 15 ಸೆಕೆಂಡು. ಬೋರ್ಡಿಂದ ಏನೂ ಸುದ್ದಿ ಬರದಿದ್ರೆ ಬ್ರೋಕರ್ ಅದರ ಒಂದೂವರೆ ಪಟ್ಟು ಕಾದು ಕನೆಕ್ಷನ್ ಕಟ್ ಮಾಡತ್ತೆ, ಅಂದ್ರೆ ಇಪ್ಪತ್ತೆರಡೂವರೆ ಸೆಕೆಂಡು, ನಿಮ್ ಬೋರ್ಡು ಡಿಲೇ ಒಳಗೆ ಅರವತ್ತು ಸೆಕೆಂಡ್ ಮಲಗಿರತ್ತೆ. ಎದ್ದು ಪಬ್ಲಿಶ್ ಮಾಡಿದ್ರೆ ಅದು ಎಲ್ಲಿಗೂ ಹೋಗಲ್ಲ, ಕನೆಕ್ಟ್ ಮಾಡೋ ಕೋಡು ಸೆಟಪ್‌ನಲ್ಲಿ ಮಾತ್ರ ಇದ್ರೆ ರೀಸೆಟ್ ಒತ್ತೋವರ್ಗೂ ಹಾಗೇ. ಡಿಲೇ ತೆಗೆದು ಮಿಲಿಸ್ (ಬೋರ್ಡು ಆನ್ ಆಗಿ ಎಷ್ಟು ಹೊತ್ತಾಯ್ತು ಅಂತ ಹೇಳೋ ಫಂಕ್ಷನ್) ನೋಡ್ಕೊಂಡು ನಿಮಿಷ ಆದಾಗ ಮಾತ್ರ ಅಳೆಯೋ ಹಾಗೆ ಮಾಡಿ, ಲೂಪ್ ತಿರುಗಿದಾಗೆಲ್ಲ ಆ ಲೈಬ್ರರಿಯ ಕ್ಲೈಂಟ್‌ನ ಲೂಪ್ ಫಂಕ್ಷನ್ ಕರೀರಿ, ಬ್ರೋಕರಿಗೆ ಸುದ್ದಿ ಕಳಿಸೋದು ಅದೇ, ಕನೆಕ್ಷನ್ ಇಲ್ದಿದ್ರೆ ಐದೈದು ಸೆಕೆಂಡಿಗೆ ಮತ್ತೆ ಟ್ರೈ ಮಾಡ್ಲಿ. ಮುಂದೆ ಸಂಪಿಗೆ ಎರಡ್ನೇ ಬೋರ್ಡು ಹಾಕುವಾಗ ಕೋಡು ಕಾಪಿ ಮಾಡಿದ್ರೆ ಕ್ಲೈಂಟ್ ಐಡಿ (ಬ್ರೋಕರಿಗೆ ಬೋರ್ಡು ಹೇಳೋ ತನ್ನ ಹೆಸರು) ಮರೀದೆ ಬದಲಾಯ್ಸಿ, ಒಂದೇ ಐಡಿ ಇದ್ರೆ ಬ್ರೋಕರ್ ಒಂದನ್ನ ಒಳಗೆ ಬಿಟ್ಟಾಗೆಲ್ಲ ಇನ್ನೊಂದನ್ನ ಹೊರಗೆ ಹಾಕ್ತಾನೇ ಇರತ್ತೆ.

ಮೈನಸ್ 2 ಅಂದ್ರೆ ಬೋರ್ಡಿಗೆ ಬ್ರೋಕರ್ ಹತ್ರ ಹೋಗೋಕೇ ಆಗಿಲ್ಲ. ಮಸ್ಕಿಟೋ 2.0 ವರ್ಷನ್‌ನಿಂದ ಈಚೆಗೆ ಕಾನ್ಫಿಗ್ ಏನೂ ಕೊಡದಿದ್ರೆ ಅದೇ ಲ್ಯಾಪ್‌ಟಾಪ್ ಒಳಗಿಂದ ಬರೋ ಕನೆಕ್ಷನ್ ಮಾತ್ರ ತಗೊಳತ್ತೆ. ಕಾನ್ಫಿಗ್ ಫೈಲಲ್ಲಿ ಲಿಸನರ್ 1883 ಅಂತ ಒಂದು ಸಾಲು, ಪಾಸ್‌ವರ್ಡ್ ಫೈಲ್ ಎಲ್ಲಿದೆ ಅಂತ ಇನ್ನೊಂದು ಸಾಲು ಸೇರ್ಸಿ ರೀಸ್ಟಾರ್ಟ್ ಮಾಡಿ, ಲ್ಯಾಪ್‌ಟಾಪಿನ ಫೈರ್‌ವಾಲಲ್ಲಿ ಆ 1883 ಪೋರ್ಟು ಬಿಡಿ. ಟೆಸ್ಟ್ ಬ್ರೋಕರ್ ಬಿಟ್ಟಿದ್ದು ಒಳ್ಳೇದೇ ಆಯ್ತು, ಅಲ್ಲಿ ನಿಮ್ ಟಾಪಿಕ್ (ರೀಡಿಂಗ್ ಹಾಕೋ ವಿಳಾಸ) ಯಾರು ಬೇಕಾದ್ರೂ ಓದ್ಬೋದು, ಯಾರು ಬೇಕಾದ್ರೂ ಅದಕ್ಕೆ ಬರೀಬೋದು, ಅದರ ಮೇಲೆ ಮೋಟ್ರು ನಡ್ಸೋ ಯೋಚ್ನೇನೇ ಮಾಡ್ಬೇಡಿ.

ಕರೆಂಟ್ ಹೋದಾಗಿನದೂ ಒಂದಿದೆ. ರೀಟೇನ್ ಆನ್ ಮಾಡಿ ಕಳಿಸಿದ್ರೆ ಬ್ರೋಕರ್ ಕೊನೇ ರೀಡಿಂಗ್ ಇಟ್ಕೊಂಡಿರತ್ತೆ, ಮೇಲಿನ ಬೋರ್ಡು ಸತ್ತು ಎರಡು ದಿನ ಆಗಿದ್ರೂ ಮೊಬೈಲಲ್ಲಿ 80 ಪರ್ಸೆಂಟ್ ಅಂತ್ಲೇ ಇರತ್ತೆ. ಇದೂ ಆ ಸೊನ್ನೆಯಷ್ಟೇ ಸುಳ್ಳು. ಕನೆಕ್ಟ್ ಆಗುವಾಗ್ಲೇ ಲಾಸ್ಟ್ ವಿಲ್ ಕೊಡಿ, ಬೋರ್ಡು ಹೇಳದೆ ಕೇಳದೆ ಕಾಣೆಯಾದ್ರೆ ಬ್ರೋಕರೇ ಅದರ ಪರವಾಗಿ ಆಫ್‌ಲೈನ್ ಅಂತ ಹಾಕತ್ತೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್, ಆರ್ಲೆನ್ ನಿಪ್ಪರ್ ಈ ಎಂಕ್ಯೂಟಿಟಿ ಮಾಡಿದ್ದೇ ಸ್ಯಾಟಲೈಟ್ ಲಿಂಕ್ ಮೇಲೆ ತೈಲದ ಪೈಪ್‌ಲೈನ್ ನಿಗಾ ಇಡೋಕೆ, ಲಿಂಕ್ ಕಟ್ ಆಗೋದು ಅವ್ರಿಗೆ ಗೊತ್ತಿದ್ದ ವಿಷ್ಯ. ನಮ್ ಕರೆಂಟಿಗೂ ಅದು ಚೆನ್ನಾಗಿ ಹೊಂದತ್ತೆ.

ಮೋಟ್ರಿಗೆ ಬಂದ್ರೆ, ಮೇಲಿನೆಲ್ಲ ಸರಿಯಾಗಿ ಕೆಲವು ವಾರ ನೋಡಿದ್ಮೇಲೆ ಮಾಡಿ. ಆಫ್ ಮಾಡೋ ತೀರ್ಮಾನ ಮೋಟ್ರು ಪಕ್ಕದ ಬೋರ್ಡಲ್ಲೇ ಇರ್ಲಿ: ಎರರ್ ಬಂದ್ರೆ ಆಫ್, ಎರಡು ನಿಮಿಷ ರೀಡಿಂಗ್ ಬರ್ದಿದ್ರೆ ಆಫ್, ಟ್ಯಾಂಕ್ ತುಂಬೋಕೆ ಮಾಮೂಲಿ ಬೇಕಾಗೋ ಟೈಮಿಗಿಂತ ಜಾಸ್ತಿ ಓಡಿದ್ರೂ ಆಫ್. ಸಂಪಲ್ಲಿ ಒಂದು ಫ್ಲೋಟ್ ಸ್ವಿಚ್ ಕಂಟ್ರೋಲ್ ವೈರಿಗೆ ಸೀರೀಸಲ್ಲಿ ಇರ್ಲಿ, ವೈಫೈ ಇಲ್ದಿದ್ರೂ ಅದು ಕೆಲ್ಸ ಮಾಡತ್ತೆ. ಅಂಗಡೀಲಿ ಸಿಗೋ 10 ಆಂಪಿಯರ್ ನೀಲಿ ರಿಲೇನ ನೇರ ಒಂದು ಎಚ್‌ಪಿ ಮೋಟ್ರಿಗೆ ಹಾಕ್ಬೇಡಿ, ಸ್ಟಾರ್ಟ್ ಆಗುವಾಗ ಎಳೆಯೋ ಕರೆಂಟಿಗೆ ಒಳಗಿನ ಕಾಂಟ್ಯಾಕ್ಟ್ ಅಂಟ್ಕೊಂಡ್ರೆ ಕೋಡು ಆಫ್ ಅಂದ್ರೂ ಮೋಟ್ರು ಓಡ್ತಾನೇ ಇರತ್ತೆ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟ್ರಿನ ಕರೆಂಟ್ ತಡೆಯೋ ದೊಡ್ಡ ಸ್ವಿಚ್), ಕಾಂಟ್ಯಾಕ್ಟರಿಂದ ಮೋಟ್ರು, ಆ ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ.