ಮಾನವ ಹಕ್ಕಿನ ಕೆಲಸಕ್ಕೆ ಯಾವ ಕೋರ್ಸ್?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವಳು, ಎಲ್‌ಎಲ್‌ಬಿ ಮುಗಿಸಿದ್ದೇನೆ. ಉದ್ದಿಮೆಗಳಿಂದಾಗುವ ಮಾನವ ಹಕ್ಕುಗಳ ಉಲ್ಲಂಘನೆಯ ವಿರುದ್ಧ ದುಡಿಯುವುದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿದೆ. ಯಾವ ಸರ್ಟಿಫಿಕೇಟ್ ಕೋರ್ಸ್ ಸೇರಲಿ?

ಉತ್ತರ: ಊರಿನ ಹೆಸರಷ್ಟೇ ಬದಲಾಗಿ ಮತ್ತೆ ಮತ್ತೆ ಬರುವ ಪ್ರಶ್ನೆಯಿದು. ಯಾವುದಕ್ಕೂ ಸೇರಬೇಡಿ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯು 2011ರಲ್ಲಿ ಅನುಮೋದಿಸಿದ, ಉದ್ದಿಮೆ ಮತ್ತು ಮಾನವ ಹಕ್ಕುಗಳ ಕುರಿತ 31 ಮಾರ್ಗದರ್ಶಿ ತತ್ತ್ವಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅವನ್ನು ನಿಮ್ಮದೇ ಎಣ್ಮಕಜೆ ಪಂಚಾಯತಿನ ಕಥೆಯೊಂದಿಗೆ ಹೊಂದಿಸಿ ಓದಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಕೇರಳ ಸರ್ಕಾರದ್ದೇ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್. ಸರ್ಕಾರಿ ಉದ್ದಿಮೆಗಳ ವಿಷಯದಲ್ಲಿ ಸರ್ಕಾರವು ಹೆಚ್ಚುವರಿ ಎಚ್ಚರ ವಹಿಸಬೇಕೆನ್ನುವ ನಾಲ್ಕನೆಯ ತತ್ತ್ವ ಏಕೆ ಬೇಕಾಯಿತೆಂಬುದು ಆಗ ತಾನಾಗಿ ತಿಳಿಯುತ್ತದೆ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರ ಜನವರಿಯಲ್ಲಿ. ಅದು ಪಾಲನೆಯಾಗಿಲ್ಲವೆಂದು ಅದೇ ಕೋರ್ಟು ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದು 2022ರಲ್ಲಿ. ತೀರ್ಪು ಹೊರಬಿದ್ದ ದಿನದಿಂದ ಹಣ ಖಾತೆಗೆ ಬೀಳುವ ದಿನದವರೆಗಿನ ಓಡಾಟವೇ ಈ ವೃತ್ತಿಯ ಮುಕ್ಕಾಲು ಪಾಲು, ಮತ್ತು ಅದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಕಲಿಯಬೇಕಾದದ್ದು ಹೇಳಿಕೆ ಬರೆದುಕೊಳ್ಳುವುದನ್ನು. "ವಿಷ ಸುರಿದು ಬದುಕು ಹಾಳಾಯಿತು" ಎಂಬ ಒಂದು ಸಾಲಿನಿಂದ ವಕೀಲರಿಗೆ ಏನೂ ಪ್ರಯೋಜನವಿಲ್ಲ. ಸಿಂಪಡಣೆಗೆ ಮುನ್ನ ಬಾವಿ ಮುಚ್ಚಲು ಯಾರಾದರೂ ಹೇಳಿದ್ದರೇ, ಮನೆಯವರು ಕುಡಿಯುತ್ತಿದ್ದುದು ಬಾವಿಯ ನೀರೋ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರೋ, ಸುರಂಗದ್ದಾದರೆ ಅದು ಬಂದು ಬೀಳುತ್ತಿದ್ದ ತೆರೆದ ತೊಟ್ಟಿಗೂ ಗೇರು ತೋಟದ ಅಂಚಿಗೂ ಎಷ್ಟು ದೂರ, ಆಸ್ಪತ್ರೆಯ ಚೀಟಿಯಲ್ಲಿರುವ ತಾರೀಕು ಯಾವುದು ಎಂಬಿಷ್ಟು ಬೇಕು. ತುಳುವಿನಲ್ಲಿ ಕೇಳಿ, ಮಲಯಾಳದ ಕಡತದೊಂದಿಗೆ ತಾಳೆ ನೋಡಿ, ಇಂಗ್ಲಿಷಿನಲ್ಲಿ ಅಫಿಡವಿಟ್ ಬರೆಯಬಲ್ಲವರು ಬೆಂಗಳೂರಿನ ಕಚೇರಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಿಮಗೆ ಮಲಯಾಳ ಓದಲು ಬಾರದಿದ್ದರೆ ಕೋರ್ಸಿಗೆಂದು ಎತ್ತಿಟ್ಟ ಹಣವನ್ನು ಮೊದಲು ಅದಕ್ಕೆ ಖರ್ಚು ಮಾಡಿ. ಷೇರುಪೇಟೆಯ ನಿಯಂತ್ರಕ ಸೆಬಿಯ, ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ಲೆಕ್ಕ ಒಪ್ಪಿಸಬೇಕೆನ್ನುವ ವರದಿ ನಿಯಮವು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಮಾತ್ರ ಕಡ್ಡಾಯವಾಗಿರುವುದರಿಂದ ಇಂಥ ನಿಗಮಗಳ ಮುಂದೆ ಅದು ಉಪಯೋಗಕ್ಕೆ ಬಾರದು; ಅಲ್ಲಿ ಬೇಕಾಗುವುದು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ.

ಹೊಟ್ಟೆಪಾಡಿಗೆ ಮೊದಲ ಕೆಲವು ವರ್ಷ ಹಿರಿಯ ವಕೀಲರೊಬ್ಬರ ಬಳಿ ಜಾಗದ ತಕರಾರು, ಕೂಲಿ ಬಾಕಿಯ ಕೇಸುಗಳನ್ನೇ ನೋಡಿಕೊಳ್ಳಿ. ನನ್ನದು ಅತಿ ಜಾಗ್ರತೆ ಎನ್ನುವವರಿದ್ದಾರೆ, ಎನ್ನಲಿ. ಸಂತ್ರಸ್ತ ಮಕ್ಕಳ ಫೋಟೊವನ್ನಂತೂ ಯಾರು ಕೇಳಿದರೂ ಕಳಿಸಬೇಡಿ.

ಪ್ರಶ್ನೆ: ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಕೆಲಸವೂ ಇದೇ ಅಲ್ಲವೇ?

ಉತ್ತರ: ಅಲ್ಲ. ಲಾಭದ ಶೇಕಡಾ 2ರಲ್ಲಿ ಶಾಲೆಗೆ ಬೆಂಚು ಕೊಡಿಸಿದ ಮಾತ್ರಕ್ಕೆ ತೋಡಿಗೆ ಬಿಟ್ಟ ಕೊಳೆನೀರಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಪ್ರಶ್ನೆ: ಮಾನವ ಹಕ್ಕು ಸಂಘಟನೆಯೊಂದು 'ಜಿಲ್ಲಾಧ್ಯಕ್ಷ' ಗುರುತಿನ ಚೀಟಿಗೆ ಹಣ ಕೇಳುತ್ತಿದೆ. ಕೊಡಬಹುದೇ?

ಉತ್ತರ: ಕಾರಿನ ಗಾಜಿಗೆ ಬೋರ್ಡು ಅಂಟಿಸಿ ಅಧಿಕಾರಿಗಳನ್ನು ಬೆದರಿಸುವ ಈ ದಂಧೆಗೆ ಒಂದು ಪೈಸೆಯನ್ನೂ ಕೊಡಬೇಡಿ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ರಚನೆಯಾದ ಮಾನವ ಹಕ್ಕು ಆಯೋಗಗಳು ಚೀಟಿ ಮಾರುವುದಿಲ್ಲ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಡ. ಈಗಾಗಲೇ ಹಣ ಕೊಟ್ಟಿದ್ದರೆ ರಸೀದಿ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋಗಿ.