ಸಂಪಾದಕರ ಉತ್ತರ: ಆ ಹುಡುಗರು ಎಲ್ಲಿ ಹೋದರು?

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ಗೆ ಅಷ್ಟೊಂದು ಪುಟ ಕೊಟ್ಟಿದ್ದು ನಿಮಗೆ ಸರಿ ಕಾಣಲಿಲ್ಲ. "ಮೀಸೆ ಚಿಗುರದ ಹುಡುಗರ ಆಟಕ್ಕೆ ಇಷ್ಟು ಜಾಗ ಯಾಕೆ? ನೈಜೀರಿಯಾ ಐದು ಸಲ ಈ ಕಪ್ ಗೆದ್ದಿದೆ, ಹಿರಿಯರ ವಿಶ್ವಕಪ್‌ನಲ್ಲಿ ಅವರಿಗೆ ಏನು ಸಿಕ್ಕಿತು? ವಯಸ್ಸಿನ ಮೋಸ ಬೇರೆ. 2017ರಲ್ಲಿ ಭಾರತ ನಮ್ಮ ನೆಲದಲ್ಲೇ ಮೂರಕ್ಕೆ ಮೂರೂ ಸೋತಿತು. ಆಗ ನೀವೆಲ್ಲ ಹೊಗಳಿ ಬರೆದ ಆ ಹುಡುಗರು ಎಲ್ಲಿ ಹೋದರು?" ಎಂದು ಕೇಳಿದ್ದೀರಿ. ಕೊನೆಯಲ್ಲಿ ನಿಮ್ಮ ತಂಗಿಯ ಮಗನ ವಿಷಯವನ್ನೂ ಬರೆದಿದ್ದೀರಿ. ಅದಕ್ಕೂ ಬರ್ತೀನಿ.

ನೈಜೀರಿಯಾದ ಮಾತು ನಿಜ. 1985, 1993, 2007, 2013, 2015, ಹೀಗೆ ಐದು ಸಲ ಗೆದ್ದಿದ್ದಾರೆ. ಬೇರೆ ಯಾವ ದೇಶವೂ ಅಷ್ಟು ಗೆದ್ದಿಲ್ಲ. ಹಿರಿಯರ ವಿಶ್ವಕಪ್‌ನಲ್ಲಿ ಮಾತ್ರ ಅವರು ಕೊನೆಯ ಹದಿನಾರರ ಹಂತ ದಾಟಿಲ್ಲ. ಈ ಟೂರ್ನಿಯನ್ನು ಭವಿಷ್ಯ ಹೇಳುವ ಪಂಚಾಂಗದ ಹಾಗೆ ಓದಿದರೆ ನಿರಾಸೆ ಖಂಡಿತ. 1991ರಲ್ಲಿ ಘಾನಾ ಕಪ್ ಗೆದ್ದಾಗ ಅತ್ಯುತ್ತಮ ಆಟಗಾರ ಅಂತ ಗೋಲ್ಡನ್ ಬಾಲ್ ಪಡೆದವರು ನೀ ಲ್ಯಾಂಪ್ಟಿ. ಮುಂದೆ ಅವರು ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ಅಲೆದರು. ನಿರೀಕ್ಷೆ ಇದ್ದ ಎತ್ತರಕ್ಕೆ ಏರಲೇ ಇಲ್ಲ. ಅದೇ ಪ್ರಶಸ್ತಿ 2003ರಲ್ಲಿ ಸೆಸ್ಕ್ ಫ್ಯಾಬ್ರಿಗಾಸ್‌ಗೆ ಸಿಕ್ಕಿತು, 2007ರಲ್ಲಿ ಟೋನಿ ಕ್ರೂಸ್‌ಗೆ. ಇಬ್ಬರೂ ಹಿರಿಯರ ವಿಶ್ವಕಪ್ಪನ್ನೇ ಎತ್ತಿ ಹಿಡಿದರು. 2017ರಲ್ಲಿ ಎಂಟು ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದ ಇಂಗ್ಲೆಂಡ್‌ನ ರಿಯಾನ್ ಬ್ರೂಸ್ಟರ್ ಅವರ ದಾರಿಗೆ ಗಾಯಗಳು ಅಡ್ಡ ಬಂದವು. ಅದೇ ತಂಡದ ಫಿಲ್ ಫೋಡೆನ್ ದೊಡ್ಡ ಹೆಸರಾದರು. 17ನೇ ವಯಸ್ಸಿನಲ್ಲಿ ಯಾರ ಹಣೆಬರಹವೂ ಬರೆದಾಗಿರುವುದಿಲ್ಲ.

ಹಾಗಾದರೆ ಈ ಟೂರ್ನಿ ಏನು ತೋರಿಸುತ್ತದೆ? ಆ ಹುಡುಗರ ಹಿಂದಿನ ಏಳೆಂಟು ವರ್ಷ ಹೇಗೆ ಕಳೆಯಿತು ಅನ್ನೋದನ್ನು. ನಾವು ಪುಟ ಕೊಡೋದು ಅದಕ್ಕೇ.

2009ರ ಟೂರ್ನಿಯನ್ನೇ ನೋಡಿ. ನೈಜೀರಿಯಾದಲ್ಲಿ ನಡೆದದ್ದು. ಬ್ರೆಜಿಲ್ ತಂಡದಲ್ಲಿ ನೇಮಾರ್ ಇದ್ದರು, ಕುಟಿನ್ಹೊ ಇದ್ದರು. ಆ ತಂಡ ಗುಂಪು ಹಂತದಲ್ಲೇ ಮನೆಗೆ ಹೋಯಿತು. ಕಪ್ ಗೆದ್ದಿದ್ದು ಸ್ವಿಟ್ಜರ್‌ಲೆಂಡ್. ಅವರಿಗೆ ಅದು ಮೊದಲ ಟೂರ್ನಿ. ಏಳಕ್ಕೆ ಏಳೂ ಪಂದ್ಯ ಗೆದ್ದರು. ಫೈನಲ್‌ನಲ್ಲಿ ಆತಿಥೇಯ ನೈಜೀರಿಯಾವನ್ನೇ 1–0ಯಿಂದ ಮಣಿಸಿದರು. ಗೋಲು ಹೊಡೆದವರು ಹ್ಯಾರಿಸ್ ಸೆಫೆರೊವಿಚ್. ಜೊತೆಗೆ ಗ್ರಾನಿಟ್ ಜಾಕಾ ಇದ್ದರು, ರಿಕಾರ್ಡೊ ರೊಡ್ರಿಗೆಜ್ ಇದ್ದರು. ಈಗ 2021ರ ಜೂನ್‌ಗೆ ಬನ್ನಿ. ಯೂರೊ ಕಪ್‌ನ ನಾಕೌಟ್ ಪಂದ್ಯ, ಎದುರಿಗೆ ವಿಶ್ವ ಚಾಂಪಿಯನ್ ಫ್ರಾನ್ಸ್. ಸ್ವಿಟ್ಜರ್‌ಲೆಂಡ್ 3–1ರಿಂದ ಹಿಂದೆ ಬಿದ್ದು, 3–3 ಮಾಡಿ, ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ನಾಯಕ ಜಾಕಾ. ಎರಡು ಗೋಲು ಸೆಫೆರೊವಿಚ್‌ರದ್ದು. ರೊಡ್ರಿಗೆಜ್ ಕೂಡ ಅಂದು ಮೈದಾನದಲ್ಲಿದ್ದರು. ಆಟದ ನಡುವೆ ಸಿಕ್ಕ ಪೆನಾಲ್ಟಿಯನ್ನು ಕಳೆದುಕೊಂಡವರು ಅವರೇ. ಒಬ್ಬೊಬ್ಬರ ಪ್ರತಿಭೆ ಲೆಕ್ಕ ಹಾಕಿದರೆ ನೇಮಾರ್ ತಂಡವೇ ಮುಂದಿತ್ತು. ಸ್ವಿಸ್ ಹುಡುಗರಿಗೆ ಒಟ್ಟಿಗೆ ಆಡುವುದು ಗೊತ್ತಿತ್ತು. ಅದು ಹದಿನಾರು ಹದಿನೇಳಕ್ಕೆ ದಿಢೀರಂತ ಬರುವ ವಿದ್ಯೆ ಅಲ್ಲ.

ಇನ್ನು ವಯಸ್ಸಿನ ಮೋಸ. ಇದು ಬರೀ ಗಾಳಿಮಾತು ಅಂತ ನಾನು ಹೇಳಲಾರೆ. ಫಿಫಾ ಅದಕ್ಕಾಗಿಯೇ 2009ರ ಟೂರ್ನಿಯಲ್ಲಿ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆ ಶುರು ಮಾಡಿತು. ಮುಂಗೈಯಲ್ಲಿ ಎರಡು ಎಲುಬು ಇರುತ್ತವೆ ಅಲ್ವಾ? ಹೆಬ್ಬೆರಳ ಕಡೆಗಿರುವ ಎಲುಬಿನ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಮೃದು ಎಲುಬಿನ ಒಂದು ತೆಳು ಪದರ ಇರುತ್ತದೆ. ಎಲುಬು ಉದ್ದ ಬೆಳೆಯೋದು ಅಲ್ಲಿಂದಲೇ. ಬೆಳವಣಿಗೆ ಮುಗಿದ ಮೇಲೆ ಆ ಪದರ ಗಟ್ಟಿಯಾಗಿ ಎಲುಬಿನ ಜೊತೆ ಬೆಸೆದುಹೋಗುತ್ತದೆ. 17 ತುಂಬದ ಹುಡುಗರಲ್ಲಿ ಅದು ಪೂರ್ತಿ ಬೆಸೆದಿರುವುದು ತೀರಾ ಅಪರೂಪ. ಚಿತ್ರದಲ್ಲಿ ಆ ಗೆರೆ ಪೂರ್ತಿ ಅಳಿಸಿಹೋಗಿದ್ದರೆ ಹುಡುಗ ಹೊರಗೆ. ಎಕ್ಸ್‌ರೇ ಬದಲು ಎಂಆರ್‌ಐ ಯಾಕೆ ಅಂದರೆ, ಬೆಳೆಯುವ ಮಕ್ಕಳ ಮೈಗೆ ಸುಮ್ನೆ ವಿಕಿರಣ ತಾಗಿಸಬಾರದು ಅಂತ. 2009ರಲ್ಲಿ ಆತಿಥೇಯ ನೈಜೀರಿಯಾವೇ ಹಲವು ಹುಡುಗರನ್ನು ಟೂರ್ನಿಗೆ ಮೊದಲೇ ಕೈಬಿಡಬೇಕಾಯಿತು.

ಈ ಪರೀಕ್ಷೆಗೂ ಮಿತಿ ಇದೆ. ಅದು ವಯಸ್ಸು ಹೇಳುವುದಿಲ್ಲ, ಎಲುಬು ಎಷ್ಟು ಬಲಿತಿದೆ ಅಂತ ಮಾತ್ರ ಹೇಳುತ್ತದೆ. ತಡವಾಗಿ ಬೆಳೆಯುವ 18ರ ಹುಡುಗ ಇದರಲ್ಲಿ ಪಾಸಾಗಬಹುದು. ಬೇಗ ಬೆಳೆದ 16ರ ಹುಡುಗನಿಗೆ ಅನ್ಯಾಯವೂ ಆಗಬಹುದು. ಆದರೂ ಕಾಗದದ ಮೇಲಿನ ಜನ್ಮದಿನಾಂಕವನ್ನಷ್ಟೇ ನಂಬಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಮೋಸದಷ್ಟೇ ನೋವು ಕೊಡುವ ಇನ್ನೊಂದು ಸಂಗತಿ ಇದೆ. ಅದರಲ್ಲಿ ಯಾರದೂ ಮೋಸ ಇಲ್ಲ. ನಿಮ್ಮ ತಂಗಿಯ ಮಗನ ವಿಷಯ ಬರೋದು ಇಲ್ಲೇ. ನವೆಂಬರ್‌ನಲ್ಲಿ ಹುಟ್ಟಿದವನು, ಆಳು ಸಣ್ಣ, ಎಡಗಾಲಲ್ಲಿ ಚೆನ್ನಾಗಿ ಆಡ್ತಾನೆ, ಎರಡು ಸಲ ಟ್ರಯಲ್ಸ್‌ಗೆ ಹೋಗಿ ವಾಪಸ್ ಬಂದ, ಇನ್ನು ಆಟ ಬಿಡಿಸೋಣವೇ ಅಂತ ಕೇಳಿದ್ದೀರಿ.

ಈ ಟೂರ್ನಿಗಳಲ್ಲಿ ವಯಸ್ಸಿನ ಗಡಿ ಜನವರಿ 1. 2017ರ ಟೂರ್ನಿಗೆ 2000ದ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಕಿತ್ತು. ಜನವರಿ ಮೊದಲ ವಾರ ಹುಟ್ಟಿದವನೂ ಡಿಸೆಂಬರ್ ಕೊನೆಯ ವಾರ ಹುಟ್ಟಿದವನೂ ಒಂದೇ ಲೆಕ್ಕ. ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. 13–14ನೇ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ನಾಲ್ಕು ಬೆರಳು ಎತ್ತರ, ಜಾಸ್ತಿ ವೇಗ, ಜಾಸ್ತಿ ಬಲ. ಆಯ್ಕೆ ಮಾಡುವವರ ಕಣ್ಣು ದೊಡ್ಡ ಹುಡುಗನ ಮೇಲೆ ಬೀಳುತ್ತದೆ. ಅವನಿಗೆ ಒಳ್ಳೆಯ ಕೋಚ್, ಒಳ್ಳೆಯ ಪಂದ್ಯ ಸಿಗುತ್ತವೆ. ಮರುವರ್ಷ ಅವನು ನಿಜವಾಗಿಯೂ ಮುಂದಿರುತ್ತಾನೆ. ದೇಶ ಯಾವುದೇ ಇರಲಿ, ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುತ್ತಾರೆ ಅನ್ನೋದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಬೆಲ್ಜಿಯಂ ಇದಕ್ಕಾಗಿಯೇ ತಡವಾಗಿ ಬೆಳೆಯುವ ಹುಡುಗರಿಗೆ 'ಫ್ಯೂಚರ್ಸ್' ಎಂಬ ಬೇರೆ ತಂಡಗಳನ್ನೇ ಕಟ್ಟಿತು.

ಕಿಲಿಯನ್ ಎಂಬಾಪೆ ಹುಟ್ಟಿದ್ದು 1998ರ ಡಿಸೆಂಬರ್ 20ರಂದು. 2015ರಲ್ಲಿ ಚಿಲಿಯಲ್ಲಿ ನಡೆದ 17ರೊಳಗಿನವರ ವಿಶ್ವಕಪ್‌ಗೆ ಫ್ರಾನ್ಸ್ ತಂಡ ಹೋಗಿತ್ತು. ವಯಸ್ಸಿನ ಲೆಕ್ಕದಲ್ಲಿ ಎಂಬಾಪೆ ಆಡಬಹುದಿತ್ತು, ಆದರೆ ತಂಡದಲ್ಲಿ ಇರಲಿಲ್ಲ. ಹುಟ್ಟಿದ ತಿಂಗಳೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮೂರೇ ವರ್ಷದಲ್ಲಿ, 2018ರಲ್ಲಿ, ಅವರು ಹಿರಿಯರ ವಿಶ್ವಕಪ್ ಗೆದ್ದರು. ನಿಮ್ಮ ಹುಡುಗ ಎಂಬಾಪೆ ಆಗ್ತಾನೆ ಅನ್ನೋ ಭರವಸೆ ಯಾರೂ ಕೊಡಲಾರರು. ಎರಡು ಟ್ರಯಲ್ಸ್ ನೋಡಿ ಆಟ ಬಿಡಿಸುವುದು ಮಾತ್ರ ಬೇಡ. ಹೆಸರಿರುವ ತಂಡದಲ್ಲಿ ಬೆಂಚ್ ಮೇಲೆ ಕೂರುವುದಕ್ಕಿಂತ, ಪೂರ್ತಿ ಪಂದ್ಯ ಆಡಲು ಸಿಗುವ ಚಿಕ್ಕ ತಂಡಕ್ಕೆ ಸೇರಿಸಿ. ಆಯ್ಕೆಯಾಗದೆ ಬಂದಾಗ "ಮೈ ಸಣ್ಣದು ಅಂತಲಾ, ಆಟದಲ್ಲಿ ಕೊರತೆ ಇದೆ ಅಂತಲಾ?" ಅಂತ ಕೋಚ್‌ರನ್ನು ನೇರವಾಗಿ ಕೇಳಿ. ಮೈ ಸಣ್ಣದು ಅನ್ನೋ ಉತ್ತರ ಬಂದರೆ ಕಾಯಬಹುದು. ಆಟದ ಕೊರತೆ ಅಂದರೆ ಕೂತು ಕೇಳಿಸಿಕೊಳ್ಳಿ, ಅದು ತಿದ್ದುವ ವಿಷಯ.

ಈ ಲೆಕ್ಕದಲ್ಲಿ ಇನ್ನೊಂದು ತೊಡಕಿತ್ತು. ಟೂರ್ನಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 2001ರಲ್ಲಿ ಹುಟ್ಟಿದ ಹುಡುಗ 2017ರಲ್ಲಿ ತನಗಿಂತ ದೊಡ್ಡವರ ಜೊತೆ ಪೈಪೋಟಿ ಮಾಡಬೇಕಿತ್ತು. 2019ರ ಹೊತ್ತಿಗೆ ಅವನ ವಯಸ್ಸೇ ಮೀರಿತ್ತು. ತಪ್ಪು ವರ್ಷದಲ್ಲಿ ಹುಟ್ಟಿದ್ದೇ ಅವನ ತಪ್ಪು! 2025ರಿಂದ ಕತಾರ್‌ನಲ್ಲಿ ಇದು ಪ್ರತಿ ವರ್ಷ ನಡೆಯುವಂತಾಗಿದೆ, ತಂಡಗಳು 24ರಿಂದ 48ಕ್ಕೆ ಏರಿವೆ. ಮೊದಲ ಸಲ ಪೋರ್ಚುಗಲ್ ಗೆದ್ದಿತು. 48 ತಂಡ ಅತಿಯಾಯಿತು, ಆಟದ ಮಟ್ಟ ಇಳಿಯುತ್ತದೆ ಅಂತ ಹಲವರ ದೂರು. ಪ್ರತಿ ವರ್ಷ ಹುಟ್ಟಿದವರಿಗೂ ಒಂದು ಸರದಿ ಸಿಗುತ್ತದಲ್ಲ, ನನಗೆ ಅದು ದೊಡ್ಡ ಲಾಭವಾಗಿ ಕಾಣುತ್ತದೆ.

ಈಗ 2017. ಅಮೆರಿಕ ವಿರುದ್ಧ 0–3, ಕೊಲಂಬಿಯಾ ವಿರುದ್ಧ 1–2, ಘಾನಾ ವಿರುದ್ಧ 0–4. ಅಂಕಪಟ್ಟಿ ನೋಡಿದರೆ ನಿಮ್ಮ ಮಾತೇ ಸರಿ. ಆದರೆ ಅಕ್ಟೋಬರ್ 9ರ ಆ ಕೊಲಂಬಿಯಾ ಪಂದ್ಯವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂ. ಮೊದಲರ್ಧದ ಕೊನೆಗೆ ನಮ್ಮ ರಾಹುಲ್ ಹೊಡೆದ ಚೆಂಡು ಗೋಲು ಕಂಬಕ್ಕೆ ಬಡಿದು ವಾಪಸ್ ಬಂತು. ಎರಡನೇ ಅರ್ಧದ ಆರಂಭದಲ್ಲೇ ಕೊಲಂಬಿಯಾದ ಪೆನಲೋಜಾ ಗೋಲು ಹೊಡೆದರು. 82ನೇ ನಿಮಿಷ, ಭಾರತಕ್ಕೆ ಕಾರ್ನರ್. ಒದ್ದವರು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಚೆಂಡು ತಿರುಗುತ್ತಾ ಒಳಗೆ ಬಂತು. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಜಿಗಿದು ತಲೆ ಕೊಟ್ಟರು. ಫಿಫಾ ವಿಶ್ವಕಪ್ ಟೂರ್ನಿಯೊಂದರಲ್ಲಿ ಭಾರತದ ಮೊದಲ ಗೋಲು ಅದು. ಸ್ಟೇಡಿಯಂ ಎದ್ದು ನಿಂತಿತು. ಮರು ನಿಮಿಷವೇ ಪೆನಲೋಜಾ ಇನ್ನೊಂದು ಹೊಡೆದರು. ನಮ್ಮ ಹುಡುಗರು ಇನ್ನೂ ಆ ಸಂಭ್ರಮದಲ್ಲೇ ಇದ್ದರು.

ಆ ಒಂದು ನಿಮಿಷದಲ್ಲಿ ಭಾರತದ ಕಿರಿಯರ ಫುಟ್‌ಬಾಲ್‌ನ ಪೂರ್ತಿ ಕಥೆ ಇದೆ ಅಂತ ನನ್ನ ಅನಿಸಿಕೆ. ಗೋಲು ಬಂದ ಕೂಡಲೇ ತಂಡ ಸುಧಾರಿಸಿಕೊಂಡು ತನ್ನ ತನ್ನ ಜಾಗಕ್ಕೆ ಮರಳಬೇಕು. ಇದನ್ನು ಶಿಬಿರದಲ್ಲಿ ಹೇಳಿಕೊಡಬಹುದು. ಮೈಗೆ ಹತ್ತೋದು ಮಾತ್ರ ವಾರವಾರವೂ ಲೀಗ್ ಪಂದ್ಯ ಆಡಿ, ಹೀಗೇ ಕೈಜಾರಿಸಿಕೊಂಡು, ಮುಂದಿನ ವಾರ ತಿದ್ದಿಕೊಂಡಾಗ. ಇಂಗ್ಲೆಂಡ್ 2012ರಲ್ಲೇ ತನ್ನ ಅಕಾಡೆಮಿಗಳ ನಿಯಮ ಬದಲಿಸಿತು, ಹುಡುಗರಿಗೆ ಕೋಚಿಂಗ್ ಸಮಯ ಹೆಚ್ಚಿಸಿತು. ಅದೇ ವರ್ಷ ರಾಷ್ಟ್ರೀಯ ತಂಡಗಳಿಗೆಲ್ಲ ಸೇಂಟ್ ಜಾರ್ಜ್ಸ್ ಪಾರ್ಕ್ ಎಂಬ ತರಬೇತಿ ಕೇಂದ್ರ ತೆರೆಯಿತು. ಐದು ವರ್ಷದ ನಂತರ ಕೋಲ್ಕತ್ತದ ಫೈನಲ್‌ನಲ್ಲಿ ಅವರ ಹುಡುಗರು ಸ್ಪೇನ್ ಎದುರು 0–2ರಿಂದ ಹಿಂದೆ ಬಿದ್ದರೂ ಗಾಬರಿಯಾಗಲಿಲ್ಲ. 5–2ರಿಂದ ಗೆದ್ದರು. ನಮ್ಮ ತಂಡಕ್ಕೆ ಸಿಕ್ಕಿದ್ದು ದೀರ್ಘ ಶಿಬಿರ, ವಿದೇಶ ಪ್ರವಾಸ, ಟೂರ್ನಿಗೆ ಕೆಲವೇ ತಿಂಗಳಿದ್ದಾಗ ಹೊಸ ಕೋಚ್. ಎಂಟರಿಂದ ಹದಿಮೂರನೇ ವಯಸ್ಸಿನವರೆಗೆ ಆಡದೇ ಉಳಿದ ಪಂದ್ಯಗಳನ್ನು ಶಿಬಿರ ತುಂಬಿಕೊಡಲಾರದು.

ಎಲ್ಲಿ ಹೋದರು ಅಂತ ಕೇಳಿದಿರಲ್ಲ. ಜೀಕ್ಸನ್ ಹಿರಿಯರ ತಂಡದ ಮಿಡ್‌ಫೀಲ್ಡ್‌ಗೆ ಬಂದರು. ನಾಯಕ ಅಮರ್‌ಜಿತ್ ಸಿಂಗ್, ಸುರೇಶ್ ವಾಂಗ್‌ಜಾಮ್, ರಹೀಮ್ ಅಲಿ, ಅನ್ವರ್ ಅಲಿ ಎಲ್ಲರೂ ಭಾರತದ ಹಿರಿಯರ ತಂಡಕ್ಕೆ ಆಡಿದವರು. ಸುರೇಶ್ ಅವರನ್ನು ಬೆಂಗಳೂರು ಎಫ್‌ಸಿ ಅಂಗಿಯಲ್ಲಿ ನೀವೇ ನೋಡಿರಬಹುದು. ಅನ್ವರ್‌ಗೆ 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟವೇ ನಿಂತುಹೋಗಿತ್ತು. ಹೋರಾಡಿ ವಾಪಸ್ ಬಂದರು. 2023ರ ಜುಲೈನಲ್ಲಿ ಕಂಠೀರವ ಸ್ಟೇಡಿಯಂನಲ್ಲಿ ಕುವೈತ್‌ ತಂಡವನ್ನು ಶೂಟೌಟ್‌ನಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ತಂಡದಲ್ಲಿ ಜೀಕ್ಸನ್, ಅನ್ವರ್ ಇಬ್ಬರೂ ಇದ್ದರು. 21 ಜನರ ತಂಡದಲ್ಲಿ ಇಷ್ಟು ಮಂದಿ ಮೇಲೆ ಬಂದರೆ ಅದು ಕಡಿಮೆ ಅಲ್ಲ. ಅವರನ್ನು ಕಳೆದುಹೋದವರ ಪಟ್ಟಿಗೆ ಸೇರಿಸಬೇಡಿ.

ನನಗೆ ಕೊರಗು ಇರೋದು ಅವರ ಹಿಂದೆ ಬರಬೇಕಾದವರ ಬಗ್ಗೆ. 2017ರ ಆ ಟೂರ್ನಿಗೆ ಒಟ್ಟು 13,47,133 ಜನ ಸ್ಟೇಡಿಯಂಗೆ ಬಂದರು, 1985ರಿಂದ ಇದ್ದ ಚೀನಾದ ದಾಖಲೆ ಮುರಿಯಿತು. ಅಷ್ಟು ಉತ್ಸಾಹ ಇತ್ತು. ಭಾರತಕ್ಕೆ ಜಾಗ ಸಿಕ್ಕಿದ್ದು ಆತಿಥೇಯ ಅನ್ನೋ ಕಾರಣಕ್ಕೆ. ಅರ್ಹತೆಯ ದಾರಿಯಲ್ಲಿ 2018ರಲ್ಲಿ ಒಂದು ಅವಕಾಶ ಬಂದಿತ್ತು. ಏಷ್ಯಾ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು ನಮ್ಮ ಹುಡುಗರು 0–1ರಿಂದ ಸೋತರು. ಗೆದ್ದಿದ್ದರೆ ಸೀದಾ 2019ರ ವಿಶ್ವಕಪ್‌ಗೆ ಹೋಗುತ್ತಿದ್ದರು. 2022ರಲ್ಲಿ ಹುಡುಗಿಯರ ವಿಶ್ವಕಪ್ ನಮ್ಮಲ್ಲೇ ನಡೆಯಿತು. ಮತ್ತೆ ಮೂರೂ ಸೋಲು, ಒಂದೂ ಗೋಲು ಇಲ್ಲ. ಆತಿಥ್ಯದಿಂದ ಸ್ಟೇಡಿಯಂ ರಿಪೇರಿ ಆಗುತ್ತದೆ, ಆಟಗಾರರು ತಾವಾಗಿ ಹುಟ್ಟಿ ಬರುವುದಿಲ್ಲ.

2025ರ ನವೆಂಬರ್ ಕೊನೆಗೆ ಅಹಮದಾಬಾದ್‌ನಲ್ಲಿ 17ರೊಳಗಿನ ಭಾರತ ತಂಡ ಇರಾನ್‌ಗೆ 2–1ರಿಂದ ಸೋಲುಣಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಇರಾನ್ ಅಂದರೆ ಸಣ್ಣ ತಂಡವಲ್ಲ. 2017ರಲ್ಲಿ ಗೋವಾದಲ್ಲಿ ಜರ್ಮನಿಯನ್ನು 4–0ಯಿಂದ ಸೋಲಿಸಿದ್ದು ಇದೇ ಇರಾನ್‌ನ ಕಿರಿಯರು. ಈ ಗೆಲುವು ಯಾರೂ ದಾನ ಕೊಟ್ಟದ್ದಲ್ಲ, ಮೈದಾನದಲ್ಲಿ ಆಡಿ ಪಡೆದದ್ದು. ದೊಡ್ಡ ಪತ್ರಿಕೆಗಳಲ್ಲಿ ಇಂಥ ಸುದ್ದಿಗೆ ಸಿಗುವ ಜಾಗ ಎಷ್ಟು ಅಂತ ನಿಮಗೂ ಗೊತ್ತು.

ಹಾಗಾಗಿ ಪುಟ ಕಡಿಮೆ ಮಾಡುವುದಿಲ್ಲ. ಬರೆಯುವ ರೀತಿಯಲ್ಲಿ ಮಾತ್ರ ನಿಮ್ಮ ಪತ್ರದಿಂದ ಒಂದು ಬದಲಾವಣೆ ಆಗಲಿದೆ. ಇನ್ನು ಮೇಲೆ ಕಿರಿಯರ ಟೂರ್ನಿಯ ವರದಿಯಲ್ಲಿ "ಮುಂದಿನ ಮೆಸ್ಸಿ" ಥರದ ತಲೆಬರಹ ಇರುವುದಿಲ್ಲ. ಭಾರತ ತಂಡ ಪ್ರಕಟವಾದಾಗ ಪ್ರತಿ ಹುಡುಗನ ಹೆಸರಿನ ಮುಂದೆ ಅವನು ಬಂದ ಅಕಾಡೆಮಿ ಅಥವಾ ಕ್ಲಬ್, ಹಿಂದಿನ ವರ್ಷ ಆಡಿದ ಲೀಗ್ ಪಂದ್ಯಗಳ ಸಂಖ್ಯೆ, ಇವೆರಡನ್ನೂ ಕೇಳಿ ಪಡೆದು ಹಾಕುತ್ತೇವೆ. ಹುಡುಗಿಯರ ತಂಡಕ್ಕೂ ಇದೇ ಕ್ರಮ. ಕೆಲವರ ಸಂಖ್ಯೆ ಸಿಗದೇ ಹೋಗಬಹುದು. ಆಗ ಆ ಜಾಗ ಖಾಲಿ ಬಿಟ್ಟೇ ಅಚ್ಚು ಹಾಕುತ್ತೇವೆ.

— ಸಂಪಾದಕ