ಕೇಬಲ್ ಬದಲಿಸಬೇಡಿ, ಕಂಟ್ರೋಲರನ್ನು ಆ ಬ್ರಿಡ್ಜಿನಿಂದ ಕಿತ್ತು ಹೊರಗಿಡಿ

ಕರೆಂಟು ಹೋಗಿ ಬಂದ ಮೇಲೆ ಮನೆಯ ನೆಟ್‌ವರ್ಕ್ ಏಕೆ ನಿಂತಿತು, ಯಾವ ಕಂಟ್ರೋಲರ್ ಒಳ್ಳೆಯದು ಎಂಬ ಕುಮಟಾದ ಗೆಳೆಯರ ಪ್ರಶ್ನೆ ಓದಿ ನನ್ನದೇ ಹಳೆಯ ಪೆಟ್ಟು ಮತ್ತೆ ನೋಯಿತು. ಅವರದು ಹಳೆಯ ಪಿಸಿಯಲ್ಲಿ ನಾಲ್ಕು ಪೋರ್ಟಿನ ಕಾರ್ಡು, ಅದರ ಮೇಲೆ ಓಪನ್ ವಿಸ್ವಿಚ್ (ಓವಿಎಸ್, ಪಿಸಿಯನ್ನೇ ನೆಟ್‌ವರ್ಕ್ ಸ್ವಿಚ್ಚಾಗಿಸುವ ತಂತ್ರಾಂಶ), ಫೇಲ್ ಮೋಡ್ ಸೆಕ್ಯೂರ್, ಅಂದರೆ ಕಂಟ್ರೋಲರ್ ಸಿಗದಿದ್ದರೆ ಸ್ವಿಚ್ ತಾನಾಗಿ ಹೊಸ ದಾರಿ ಮಾಡದು. ಕಂಟ್ರೋಲರ್ (ಪ್ಯಾಕೆಟ್ ಎತ್ತ ಹೋಗಬೇಕೆಂದು ಸ್ವಿಚ್ಚಿಗೆ ಹೇಳುವ ತಂತ್ರಾಂಶ) ಇರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಅದೇ ಬ್ರಿಡ್ಜಿನ, ಅಂದರೆ ಓವಿಎಸ್ ಕಟ್ಟಿದ ಸ್ವಿಚ್ಚಿನ, ಮೂರನೆಯ ಪೋರ್ಟಿನಲ್ಲಿ, ವಿಳಾಸ ಮಾತ್ರ ಮನೆಯ ರೌಟರಿನ ಡಿಎಚ್‌ಸಿಪಿಯಿಂದ (ತಾನಾಗಿ ವಿಳಾಸ ಹಂಚುವ ಸೇವೆ). ವಾರವಿಡೀ ಓಡಿತು, ಕರೆಂಟು ಹೋಗಿ ಬಂದ ಮೇಲೆ ಎಲ್ಲ ಸ್ತಬ್ಧ. ಮೂರು ಜನ ಆಗಲೇ ಕೇಬಲ್ ಬದಲಿಸಿ ಎಂದು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿ.

ಓವಿಎಸ್ ತನ್ನ ಕಾನ್ಫಿಗರೇಶನ್ನನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ, ಫ್ಲೋಗಳನ್ನಲ್ಲ, ಅಂದರೆ ಕಂಟ್ರೋಲರ್ ಕೊಟ್ಟ ದಾರಿಯ ನಿಯಮಗಳನ್ನಲ್ಲ. ಕರೆಂಟು ಬಂದಾಗ ಸೆಕ್ಯೂರ್ ಎಂಬುದು ನೆನಪಿದೆ, ಫ್ಲೋ ಟೇಬಲ್ ಖಾಲಿ. ಫ್ಲೋ ಇಲ್ಲದೆ ಪೈಯ ಡಿಎಚ್‌ಸಿಪಿ ಕೋರಿಕೆ ರೌಟರನ್ನು ಮುಟ್ಟುವುದಿಲ್ಲ, ಪೈಗೆ ವಿಳಾಸ ಸಿಗದೆ ಕಂಟ್ರೋಲರ್ ಸಿಗುವುದಿಲ್ಲ, ಕಂಟ್ರೋಲರ್ ಇಲ್ಲದೆ ಫ್ಲೋ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇನ್‌ಬ್ಯಾಂಡ್ ನಿಯಮಗಳು (ಅದೇ ಬ್ರಿಡ್ಜಿನ ಮೂಲಕ ಕಂಟ್ರೋಲರನ್ನು ತಲುಪಲು ಓವಿಎಸ್ ತಾನೇ ಹಾಕಿಕೊಳ್ಳುವ ಫ್ಲೋಗಳು) ಇವೆಯಲ್ಲ ಎಂದು ಯಾರಾದರೂ ಎದ್ದು ನಿಲ್ಲುವ ಮೊದಲೇ ಹೇಳುತ್ತೇನೆ: ಆ ಅಡಗಿದ ಫ್ಲೋಗಳು ಸ್ವಿಚ್ಚಿನ ಸ್ವಂತ ಡಿಎಚ್‌ಸಿಪಿಗೆ ದಾರಿ ಬಿಡುತ್ತವೆ, ಕಂಟ್ರೋಲರಿನ ಡಿಎಚ್‌ಸಿಪಿಗೆ ಅಲ್ಲ.

ಪೈಗೆ ಸ್ಥಿರ ವಿಳಾಸ ಕೊಟ್ಟರೆ ಬಹುಶಃ ಇವತ್ತೇ ಜೀವ ಬರುತ್ತದೆ. ಅಷ್ಟಕ್ಕೇ ಕೈತೊಳೆದುಕೊಳ್ಳಬೇಡಿ. ಪಿಸಿಯ ಮದರ್‌ಬೋರ್ಡಿನ ಮೇಲೇ ಒಂದು ಪೋರ್ಟ್ ಇರುತ್ತದಲ್ಲ, ಅದನ್ನು ಬ್ರಿಡ್ಜಿಗೆ ಸೇರಿಸದೆ ಹಾಗೇ ಬಿಡಿ. ಅದರಿಂದ ಪೈಗೆ ನೇರ ಕೇಬಲ್, ಎರಡೂ ಕಡೆ ಸ್ಥಿರ ವಿಳಾಸ. ನಮ್ಮ ಮನೆಯಲ್ಲಿ ಆ ಕೇಬಲ್ ಕೆಂಪು ಬಣ್ಣದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ. ಇನ್ನೂ ಸುಲಭ ಬೇಕೆಂದರೆ ಕಂಟ್ರೋಲರನ್ನು ಅದೇ ಪಿಸಿಯಲ್ಲಿ ಓಡಿಸಿ 127.0.0.1ರ, ಅಂದರೆ ಅದೇ ಪಿಸಿಯ, 6653ನೇ ಪೋರ್ಟ್ ಸಂಖ್ಯೆಗೆ ಜೋಡಿಸಿ. ಹಳೆಯ ಪಾಠಗಳಲ್ಲಿ 6633 ಎಂದಿರುತ್ತದೆ, ಎರಡು ಕಡೆಯೂ ಒಂದೇ ಇದ್ದರಾಯಿತು.

ನನ್ನ ಕಥೆ ಇದಕ್ಕಿಂತ ಕೆಟ್ಟದ್ದು. ಸ್ವಿಚ್ ಶಿರಸಿಯ ತೋಟದ ಮನೆಯಲ್ಲಿ, ನಾನು ಕಾರವಾರದಲ್ಲಿ. ರಾತ್ರಿ ದೂರದಿಂದಲೇ ಸೆಕ್ಯೂರ್‌ಗೆ ಬದಲಿಸಹೊರಟೆ. ಮುನ್ನೆಚ್ಚರಿಕೆಯೆಂದು ಹತ್ತು ನಿಮಿಷದ ನಂತರ ರೀಬೂಟ್ ಆಗುವಂತೆ ಹೇಳಿಟ್ಟಿದ್ದೆ. ಸಿಸ್ಕೋ ಕಂಪನಿಯ ಸ್ವಿಚ್ಚುಗಳಲ್ಲಿ ಕಲಿತ ಚಾಳಿ, ಅಲ್ಲಿ ಸೇವ್ ಮಾಡದ ಬದಲಾವಣೆ ರೀಬೂಟಿನೊಂದಿಗೆ ಅಳಿಸಿಹೋಗುತ್ತದೆ. ಓವಿಎಸ್ ಹಾಗಲ್ಲ, ಆಜ್ಞೆ ಕೊಟ್ಟ ಕ್ಷಣವೇ ಬರೆದಿಟ್ಟುಕೊಳ್ಳುತ್ತದೆ. ಪಿಸಿ ಹೇಳಿದ ಹೊತ್ತಿಗೆ ರೀಬೂಟ್ ಆಯಿತು, ಅದೇ ಸೆಕ್ಯೂರ್ ತಪ್ಪನ್ನು ನಿಷ್ಠೆಯಿಂದ ಹೊತ್ತುಕೊಂಡು ಎದ್ದಿತು. ಬೆಳಗ್ಗೆ ಅಪ್ಪನ ಫೋನು: ಅಂಗಳದ ಕ್ಯಾಮೆರಾ ಕಾಣುತ್ತಿಲ್ಲ, ಮಂಗಗಳಿಗೆ ಹೇಗೆ ಗೊತ್ತಾಯಿತೋ. ಆಷಾಢದ ಮಳೆಯಲ್ಲಿ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದದ್ದು ಎರಡು ಸಾಲು ಆಜ್ಞೆ ಕೊಡುವುದಕ್ಕೆ. ಆದ್ದರಿಂದ ರೀಬೂಟ್ ಹಚ್ಚಬೇಡಿ. ಕಂಟ್ರೋಲರನ್ನು ತೆಗೆದು ಫೇಲ್ ಮೋಡನ್ನು ಸ್ಟ್ಯಾಂಡ್‌ಅಲೋನ್‌ಗೆ (ಕಂಟ್ರೋಲರ್ ಇಲ್ಲದಿದ್ದರೂ ಸಾಮಾನ್ಯ ಸ್ವಿಚ್ಚಿನಂತೆ ಓಡುವ ಸ್ಥಿತಿಗೆ) ಮರಳಿಸುವ ಆಜ್ಞೆಗಳನ್ನೇ ಟೈಮರಿಗೆ ಕೊಡಿ. ಎಲ್ಲ ಸರಿಯಾದರೆ ಟೈಮರ್ ರದ್ದು.

ಹಾಗಾದರೆ ಯಾವಾಗಲೂ ಸ್ಟ್ಯಾಂಡ್‌ಅಲೋನ್ ಇಟ್ಟರಾಯಿತಲ್ಲ ಎನ್ನಬೇಡಿ. ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಎಳೆದಿದ್ದರೆ ಕಂಟ್ರೋಲರ್ ಸತ್ತ ಸ್ವಲ್ಪ ಹೊತ್ತಿಗೇ ಓವಿಎಸ್ ಸಾಮಾನ್ಯ ಸ್ವಿಚ್ಚಾಗುತ್ತದೆ, ಲೂಪ್ ತಡೆಯುವ ಎಸ್‌ಟಿಪಿ ಮೊದಲಿನಿಂದಲೂ ಆಫ್, ಪ್ಯಾಕೆಟ್ಟುಗಳು ಸುತ್ತಿ ಸುತ್ತಿ ಬ್ರಾಡ್‌ಕಾಸ್ಟ್ ಬಿರುಗಾಳಿ ಏಳುತ್ತದೆ. ಲೂಪ್ ಇಲ್ಲದವರಿಗೆ ಮಾತ್ರ ಸ್ಟ್ಯಾಂಡ್‌ಅಲೋನ್. ಇನ್ನೊಂದು, ಓಪನ್‌ಫ್ಲೋ (ಕಂಟ್ರೋಲರ್ ಮತ್ತು ಸ್ವಿಚ್ ಮಾತಾಡುವ ಭಾಷೆ) 1.3ರಲ್ಲಿ ಟೇಬಲ್-ಮಿಸ್ ನಿಯಮವನ್ನು, ಅಂದರೆ ಯಾವ ಫ್ಲೋಗೂ ಹೊಂದದ ಪ್ಯಾಕೆಟ್ಟನ್ನು ಏನು ಮಾಡಬೇಕೆಂಬುದನ್ನು, ಕಂಟ್ರೋಲರೇ ಹಾಕಬೇಕು, ಇಲ್ಲದಿದ್ದರೆ ಪ್ಯಾಕೆಟ್ ಸದ್ದಿಲ್ಲದೆ ಕಸದಬುಟ್ಟಿಗೆ. 1.0ರ ಅಭ್ಯಾಸವಿದ್ದವರು ಇಲ್ಲೇ ಮುಗ್ಗರಿಸುವುದು.

ಕಂಟ್ರೋಲರಿನ ಆಯ್ಕೆ ಕೇಳಿದ್ದೀರಿ. ಮನೆಗೆ ಫಾಸೆಟ್, ಒಂದು ಯಾಮೆಲ್ (ಸರಳ ಅಕ್ಷರದ ಕಾನ್ಫಿಗರೇಶನ್) ಫೈಲಿನಲ್ಲಿ ಮುಗಿಯುತ್ತದೆ. ಓಪನ್‌ಡೇಲೈಟ್, ಓನೋಸ್ ಎರಡೂ ಜಾವಾದ ಆನೆಗಳು, ಪೈ ಮೇಲೆ ಹತ್ತಿಸಬೇಡಿ. ರ್ಯೂ ಕಲಿಯಲು ಚೆನ್ನ, ಆದರೆ ಹೊಸ ಪೈಥಾನಿನಲ್ಲಿ ತಕರಾರು ಮಾಡುತ್ತದೆ. ಡಬ್ಬಿಯ ಮೇಲೆ ಎಸ್‌ಡಿಎನ್ (ತಂತ್ರಾಂಶದಿಂದ ನಡೆಸುವ ನೆಟ್‌ವರ್ಕ್) ಎಂದಿದೆಯೆಂದು ಟಿಪಿ-ಲಿಂಕಿನ ಒಮಾಡಾ ಸ್ವಿಚ್ ಕೊಂಡವರು ಈ ಗುಂಪಿನಲ್ಲೇ ಇದ್ದಾರೆ. ಅದು ತನ್ನದೇ ಕಂಟ್ರೋಲರಿನ ಮಾತು ಕೇಳುವ ಒಳ್ಳೆಯ ಸ್ವಿಚ್, ಓಪನ್‌ಫ್ಲೋಗೂ ಅದಕ್ಕೂ ನಂಟಿಲ್ಲ. ಓಪನ್‌ಫ್ಲೋ ಬಲ್ಲ ಸೆಕೆಂಡ್‌ಹ್ಯಾಂಡ್ ಅರುಬಾ 2930ಎಫ್ ಸ್ವಿಚ್ ಸಿಕ್ಕಿದರೆ ಕೊಳ್ಳಬಹುದು, ಆದರೆ ಅಲ್ಲಿಯೂ ಕಂಟ್ರೋಲರಿನ ವಿಎಲ್ಯಾನ್ (ಸ್ವಿಚ್ಚಿನೊಳಗಿನ ಪ್ರತ್ಯೇಕ ಜಾಲ) ಬೇರೆಯೇ ಇರಬೇಕು.

ಮನೆಯಿಂದ ಕೊಟ್ಟಿಗೆಗೋ ಗೋದಾಮಿಗೋ ತಾಮ್ರದ ಕೇಬಲ್ ಎಳೆದಿದ್ದರೆ ಗುಡುಗಿನ ಕಾಲಕ್ಕೆ ಮೊದಲು ಫೈಬರ್ ಹಾಕಿ, ಸಿಡಿಲಿಗೆ ಸೆಕ್ಯೂರ್ ಮೋಡ್ ಗೊತ್ತಿಲ್ಲ. ಕಡಲ ಬದಿಯವರು ಪೋರ್ಟಿನ ಪಿನ್ನುಗಳಿಗೆ ಹಸಿರು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ಕೇಬಲ್ ತಂಡದವರಿಗೆ ಇಷ್ಟು ಮಾತ್ರ ಒಪ್ಪುತ್ತೇನೆ.

ಈಗ ಪಿಸಿಯಲ್ಲಿ ಓವಿಎಸ್-ವಿಎಸ್‌ಸಿಟಿಎಲ್ ಶೋ (ovs-vsctl show) ಆಜ್ಞೆ ಕೊಟ್ಟು, ಕಂಟ್ರೋಲರಿನ ಕೆಳಗೆ ಈಸ್ ಕನೆಕ್ಟೆಡ್ ಟ್ರೂ ಎಂಬ ಸಾಲು ಇದೆಯೇ ನೋಡಿ ಇಲ್ಲಿ ಹಾಕಿ. ಫೋಟೋ ಬೇಡ, ಅಕ್ಷರದಲ್ಲಿ.